ಹಳೆಯ ಮೋಟಾರಿನ ಕೆಂಪು ದೀಪ

ಹುಣ್ಣಿಮೆಯ ಇರುಳು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಜನಸಂದಣಿಯಲ್ಲಿ ಹಳೆಯ ಅಂಬಾಸಡರ್ ಕಾರು ತೆವಳುತ್ತಿರುವಾಗ ಮುಂದೀಪಗಳು ಮಂಕಾಗಿ, ಒಳಗಣ ಕೆಂಪು ದೀಪ ಹೊತ್ತಿಕೊಳ್ಳುವುದುಂಟು. ದೋಷ ಚಾಲಕನದಲ್ಲ, ಡೈನಮೋದ ಸ್ವಭಾವವೇ ಅದು. ವೇಗವಿದ್ದರೆ ಸುಮಾರು 22 ಆಂಪಿಯರ್ ಕೊಡಬಲ್ಲ ಆ ಯಂತ್ರ, ಎಂಜಿನು ನಿಧಾನಿಸಿದೊಡನೆ ಕೈಚೆಲ್ಲುತ್ತದೆ. ಆಗ ದೀಪಗಳ ಹೊರೆಯೆಲ್ಲ ಬ್ಯಾಟರಿಯ ಮೇಲೆ.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವ್ಯಾಲಿಯಂಟ್ ಕಾರಿಗೆ ಅಳವಡಿಸಿದ ಆಲ್ಟರ್ನೇಟರಿಗೆ ಈ ದೌರ್ಬಲ್ಯವಿಲ್ಲ. ಇದರಲ್ಲಿ ತಿರುಗುವುದು ಕಾಂತ. ವಿದ್ಯುತ್ತು ಹುಟ್ಟುವುದು ಅಲುಗಾಡದ ಸುರುಳಿಯಲ್ಲಿ. ಅದನ್ನು ಡಯೋಡುಗಳು ಏಕಮುಖ ಪ್ರವಾಹವಾಗಿಸುತ್ತವೆ. ಕಾರು ನಿಂತಲ್ಲೇ ಗುಡುಗುಡಿಸುತ್ತಿದ್ದರೂ ಬ್ಯಾಟರಿಗೆ ಪೋಷಣೆ ತಪ್ಪದು.

ಆದರೆ ಆಳಂದದಲ್ಲಾಗಲಿ ಜೇವರ್ಗಿಯಲ್ಲಾಗಲಿ ಕಾರನ್ನು ಮಿಸ್ತ್ರಿಗೆ ಒಪ್ಪಿಸುವ ಮುನ್ನ ಒಂದು ಸಂಗತಿ ನೋಡಿಕೊಳ್ಳಬೇಕು. ಹಳೆಯ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವೇ ಕಾರಿನ ಮೈಗೆ ಜೋಡಿಸಿರುತ್ತದೆ. ಅದನ್ನು ಬದಲಿಸದೆ ಆಲ್ಟರ್ನೇಟರ್ ಕೂಡಿಸಿದರೆ ಡಯೋಡುಗಳು ಕ್ಷಣಾರ್ಧದಲ್ಲಿ ಸುಟ್ಟಾವು. ಹಳೆಯ ತೆಳುತಂತಿಯೂ ಹೆಚ್ಚಿದ ಪ್ರವಾಹವನ್ನು ತಾಳದೆ ಹೊಗೆಯಾಡೀತು.

ಮೂಲರೂಪ ಕೆಟ್ಟಿತೆಂದು ಕೊರಗುವ ರಸಿಕರುಂಟು. ಪ್ರದರ್ಶನದ ಕಾರಿಗೆ ಆ ಮಾತು ಸಲ್ಲುತ್ತದೆ. ಕಟ್ಟಿಸಂಗಾವಿಯ ಭೀಮಾ ಸೇತುವೆಯನ್ನು ಕತ್ತಲಲ್ಲಿ ದಾಟಬೇಕಾದ ಕಾರಿಗೆ ಬೆಳಕೇ ಮುಖ್ಯ. ಕಳಚಿದ ಡೈನಮೋವನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟರಾಯಿತು.