ಚಿಂಚಿಲ್ಲಾ ಸಾಕುವ ಮುನ್ನ

ಹಟ್ಟಿಯ ಹಸು, ಬಾಗಿಲ ನಾಯಿ, ಅಡುಗೆಮನೆಯ ಬೆಕ್ಕು ಇವುಗಳನ್ನು ಮನೆಯವರೆಂದೇ ಎಣಿಸಿ ಬೆಳೆದವರು ನಾವೆಲ್ಲ. ಇವುಗಳ ಹಸಿವು ಯಾವುದು, ರೋಗ ಯಾವುದು, ಮುನಿಸು ಯಾವುದು ಎಂಬುದನ್ನು ಹಿರಿಯರನ್ನು ನೋಡಿಯೇ ಕಲಿತೆವು. ಆದರೆ ಮಕ್ಕಳ ಒತ್ತಾಯದಿಂದ ಈಚೆಗೆ ಮನೆ ಸೇರುತ್ತಿರುವ ಮೊಲ, ಗಿನಿಪಿಗ್, ಚಿಂಚಿಲ್ಲಾ ಮುಂತಾದ ಜೀವಿಗಳ ವಿಷಯದಲ್ಲಿ ನಮಗೆ ಹಿರಿಯರ ಪಾಠವಿಲ್ಲ. ಪಾಠವಿಲ್ಲದ ಕಡೆ ಪ್ರೀತಿಯೊಂದೇ ಸಾಲದೆಂಬುದನ್ನು ನಾವು ಬಂಟ್ವಾಳದಲ್ಲಿ ಕಂಡೆವು. ಆ ತಪ್ಪಿನಲ್ಲಿ ನಮ್ಮ ಪಾಲೂ ಇರುವುದರಿಂದ ಈ ಲೇಖನವನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಎರಡು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ಹಾವೇರಿಯ ಕಡೆಯಿಂದ ಬಂದು ಬಂಟ್ವಾಳದಲ್ಲಿ ನೆಲೆಸಿರುವ ಶಿಕ್ಷಕರೊಬ್ಬರ ಮನೆಯಲ್ಲಿ ನಾವು ಉಳಿದಿದ್ದೆವು. ಅವರ ಮಗಳು, ಹತ್ತು ವರ್ಷದ ಬಾಲೆ, ಬೂದುಬಣ್ಣದ ದೊಡ್ಡ ಮೊಲವೊಂದನ್ನು ತೋರಿಸಿ, “ಅಜ್ಜಾ, ಇದು ಚಿಂಚಿಲ್ಲಾ” ಎಂದು ಹಿಗ್ಗಿನಿಂದ ಹೇಳಿದಳು. ಅಂದು ಸಂಜೆ ತಾಯಿ ಬಂದು, “ಶಾಸ್ತ್ರಿಗಳೇ, ಮುಂಜಾನೆಯಿಂದ ಮೊಲ ಏನೂ ಮುಟ್ಟಿಲ್ಲರಿ, ಮೂಲೆ ಹಿಡಿದು ಕೂತದ” ಎಂದರು. ಉಪವಾಸವನ್ನು ಬಾಲ್ಯದಿಂದಲೂ ಮಠದಲ್ಲಿ ಅಭ್ಯಾಸ ಮಾಡಿದ ನಾವು, “ಬಿಸಿಲಿನ ದಿನ, ಒಂದು ಹೊತ್ತು ಹೊಟ್ಟೆ ಬರಿದಾದರೆ ಒಳ್ಳೆಯದೇ, ನಾಳೆ ನೋಡೋಣ” ಎಂದುಬಿಟ್ಟೆವು. ನಮ್ಮ ಮಾತನ್ನು ನಂಬಿ ಅವರು ಸುಮ್ಮನಾದರು. ಬೆಳಗಾಗುವಷ್ಟರಲ್ಲಿ ಮೊಲ ಸತ್ತಿತ್ತು. “ಅಜ್ಜಾ, ಅದು ಉಪವಾಸ ಮಾಡಿದ್ದಲ್ಲ, ಅದಕ್ಕೆ ನೋವಾಗ್ತಾ ಇತ್ತು ಅಲ್ವಾ?” ಎಂದು ಆ ಮಗು ಕೇಳಿತು. ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಪಶುವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುದನ್ನು ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಹೆಸರೊಂದು, ಜೀವಿ ಎರಡು

ನಿಜವಾದ ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಒಣ, ತಂಪು ನೆಲದ ದಂಶಕ ಪ್ರಾಣಿ. ತೂಕ ಸುಮಾರು ಅರ್ಧ ಕಿಲೋ. ಅದರ ಒಂದೊಂದು ರೋಮರಂಧ್ರದಿಂದ ಐವತ್ತು ಅರುವತ್ತು ಕೂದಲುಗಳು ಹುಟ್ಟುತ್ತವೆ. ಈ ಮೃದು ತುಪ್ಪಳಕ್ಕಾಗಿ ಮನುಷ್ಯನು ಅದನ್ನು ಬೇಟೆಯಾಡಿ ಬಹುಮಟ್ಟಿಗೆ ಮುಗಿಸಿದ್ದಾನೆ. ಕಾಡಿನಲ್ಲಿ ಉಳಿದವು ಇಂದು ಅಳಿವಿನಂಚಿನ ಪಟ್ಟಿಯಲ್ಲಿವೆ. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬವನು ಹನ್ನೊಂದು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ ಮೇಲೆ ಅವುಗಳ ಸಾಕಣೆ ಬೆಳೆಯಿತು.

ಇದೇ ಬಣ್ಣದ ತುಪ್ಪಳವುಳ್ಳ ಮೊಲದ ತಳಿಯೊಂದು 1913ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂದಾಗ ಅದಕ್ಕೂ ಚಿಂಚಿಲ್ಲಾ ಎಂದೇ ಹೆಸರಿಟ್ಟರು. ಮುಂದೆ ರಷ್ಯಾದ ಕಡೆ ಬೆಳೆಸಿದ ‘ಸೋವಿಯತ್ ಚಿಂಚಿಲ್ಲಾ’ ಮೊಲ ಭಾರತಕ್ಕೂ ಬಂದಿತು. ಬಂಟ್ವಾಳದ ಮನೆಯಲ್ಲಿ ನಾವು ಕಂಡದ್ದು ಇದನ್ನೇ. ಆದುದರಿಂದ ‘ಚಿಂಚಿಲ್ಲಾ’ ಎಂದು ಮಾರುವವರನ್ನು ಮೊದಲು, ಇದು ಮೊಲವೋ ಆಂಡೀಸಿನ ಪ್ರಾಣಿಯೋ ಎಂದು ಕೇಳಬೇಕು. ಉದ್ದ ಕಿವಿ, ಮೋಟು ಬಾಲವಿದ್ದರೆ ಮೊಲ. ದುಂಡು ಕಿವಿ, ಪೊದೆಯಂಥ ಬಾಲವಿದ್ದರೆ ಚಿಂಚಿಲ್ಲಾ. ಇನ್ನು ಗುಡ್ಡದಲ್ಲಿ ಹಿಡಿದ ಕಾಡುಮೊಲವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅದು ಪಂಜರದಲ್ಲಿ ಹೆದರಿಯೇ ಸಾಯುತ್ತದೆ.

ನಮ್ಮ ಕರಾವಳಿಯ ಹವೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಮಾರ್ಚಿನಿಂದ ಮೇವರೆಗೆ ಬೆವರಿಳಿಸುವ ಸೆಕೆ. ಆಂಡೀಸಿನ ಚಿಂಚಿಲ್ಲಾಕ್ಕೆ 25 ಡಿಗ್ರಿ ಮೀರಿದ ಉಷ್ಣವೇ ಅಪಾಯ. ಗಾಳಿಯಲ್ಲಿ ತೇವವಿದ್ದರೆ ಅಪಾಯ ಇಮ್ಮಡಿಯಾಗುತ್ತದೆ. ಹಗಲಿರುಳು ತಂಪುಯಂತ್ರ ನಡೆಸಬೇಕು. ಗಾಳಿಮಳೆಗೆ ವಿದ್ಯುತ್ತು ಹೋದರೆ ಮುಂದೇನೆಂಬುದನ್ನೂ ಯೋಚಿಸಿರಬೇಕು. ಇದು ಹತ್ತರಿಂದ ಇಪ್ಪತ್ತು ವರ್ಷ ಬದುಕುವ ಜೀವಿಯೆಂಬುದನ್ನು ನೆನೆದರೆ, ಈ ಮೂರು ತಾಲೂಕುಗಳಲ್ಲಿ ಹೊಸದಾಗಿ ಚಿಂಚಿಲ್ಲಾ ತರಬಾರದೆಂಬುದೇ ನಮ್ಮ ಖಚಿತ ಅಭಿಪ್ರಾಯ.

ಈಗಾಗಲೇ ತಂದಿರುವವರು ಅದಕ್ಕೆ ನೀರಿನ ಸ್ನಾನ ಮಾಡಿಸಬಾರದು. ದಟ್ಟ ತುಪ್ಪಳ ಬೇಗ ಒಣಗದೆ ಬೂಷ್ಟು ಹಿಡಿದು ಚರ್ಮರೋಗ ಬರುತ್ತದೆ. ಅದಕ್ಕೆಂದೇ ಮಾರುವ ನಯವಾದ ಧೂಳನ್ನು ಬಟ್ಟಲಲ್ಲಿಟ್ಟು, ವಾರಕ್ಕೆ ಎರಡು ಮೂರು ಬಾರಿ, ಹತ್ತು ಹದಿನೈದು ನಿಮಿಷ ಹೊರಳಾಡಲು ಬಿಡಬೇಕು. ಕಿವಿ ಕೆಂಪಾಗಿ, ಒರಗಿ ಮಲಗಿ ಏದುಸಿರು ಬಿಡುತ್ತಿದ್ದರೆ ಅದು ಉಷ್ಣಾಘಾತ. ಕೂಡಲೇ ತಂಪಾದ ಕಡೆ ಒಯ್ದು ವೈದ್ಯರಿಗೆ ತೋರಿಸಬೇಕು.

ಮೊಲಕ್ಕೂ 30 ಡಿಗ್ರಿಯ ಮೇಲಿನ ಸೆಕೆ ಹಿತವಲ್ಲ. ಅದು ನಮ್ಮಂತೆ ಬೆವರುವುದಿಲ್ಲ. ಮೈಬಿಸಿಯನ್ನು ಬಹುವಾಗಿ ಕಿವಿಗಳ ಮೂಲಕವೇ ಹೊರಬಿಡುತ್ತದೆ. ಗೂಡನ್ನು ಕಾದ ಶೀಟಿನ ಮಾಡಿನ ಕೆಳಗಿಡದೆ, ಗಾಳಿಯಾಡುವ ಹೆಂಚಿನ ಜಗಲಿಯಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಸೆಕೆಯಲ್ಲಿ ಪಕ್ಕದಲ್ಲಿ ಒದ್ದೆ ಗೋಣಿ ತೂಗುಹಾಕಿ, ಮಂಜುಗಟ್ಟಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರೆ ಅದು ಒರಗಿ ತಂಪಾಗುತ್ತದೆ. ನಾಯಿ, ಹೆಬ್ಬಾವು ನುಸುಳದಂತೆ ಬಲೆ ಗಟ್ಟಿಯಾಗಿರಲಿ.

ಆಹಾರ

ಮೊಲ, ಚಿಂಚಿಲ್ಲಾ ಎರಡರ ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ನಾರಿನ ಹುಲ್ಲನ್ನು ಅಗಿದರೆ ಮಾತ್ರ ಸವೆದು ಅಳತೆಯಲ್ಲಿರುತ್ತವೆ. ಕರುಳೂ ನಾರಿನ ಬಲದಿಂದಲೇ ಚಲಿಸುತ್ತದೆ. ಆದುದರಿಂದ ಆಹಾರದ ಬಹುಪಾಲು ಒಣಹುಲ್ಲೇ ಆಗಿರಬೇಕು. ಮೊಲಕ್ಕೆ ಗರಿಕೆ ಮೊದಲಾದ ಹಸಿಹುಲ್ಲು, ಹಲಸಿನ ಎಲೆ ಒಳ್ಳೆಯವು. ಚಿಂಚಿಲ್ಲಾಕ್ಕೆ ಹಸಿಮೇವು ತೀರ ಮಿತವಾಗಿರಲಿ. ಬಿಸ್ಕತ್ತು, ಬ್ರೆಡ್ಡು, ಅನ್ನ, ಬೆಲ್ಲ, ಬಾಳೆಹಣ್ಣುಗಳನ್ನು ಅಕ್ಕರೆಯಿಂದ ಕೊಡುವುದೇ ಹೊಟ್ಟೆಯುಬ್ಬರಕ್ಕೆ ದಾರಿ. ಬಂಟ್ವಾಳದ ಮೊಲಕ್ಕೂ ದಿನವೂ ಬಿಸ್ಕತ್ತು ಸಲ್ಲುತ್ತಿತ್ತು.

ನಮ್ಮ ಅಡಿಕೆ ತೋಟಗಳವರು ಇನ್ನೊಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ದಿನಗಳಲ್ಲಿ ಮರದಿಂದ ತೊಟ್ಟಿಕ್ಕಿದ ಮೈಲುತುತ್ತ ಕೆಳಗಿನ ಹುಲ್ಲನ್ನು ಸೇರುತ್ತದೆ. ಆ ಹುಲ್ಲನ್ನು ಹಾಕಬಾರದು. ಮರಗೆಣಸಿನ ಹಸಿ ಎಲೆ, ಕಣಗಿಲೆ, ಬೂಷ್ಟು ಹಿಡಿದ ಬೈಹುಲ್ಲು ಇವೂ ವರ್ಜ್ಯ. ಮಳೆಗಾಲದಲ್ಲಿ ಹುಲ್ಲನ್ನು ನೀರಿಳಿಸಿ, ನೆರಳಲ್ಲಿ ಬಾಡಿಸಿ ಕೊಡುವುದು ಲೇಸು.

ರೋಗ ಮತ್ತು ಚಿಕಿತ್ಸೆ

ಎಲ್ಲಕ್ಕಿಂತ ಮುಖ್ಯವಾದುದು ನಾವು ಕಲಿತ ಪಾಠ. ಈ ಜೀವಿಗಳಿಗೆ ಉಪವಾಸವಿಲ್ಲ. ತಿನ್ನುವುದು ನಿಂತರೆ ಕರುಳು ನಿಲ್ಲುತ್ತದೆ. ಕರುಳು ನಿಂತರೆ ವಾಯು ತುಂಬಿ ನೋವಾಗುತ್ತದೆ. ನೋವಿನಿಂದ ತಿನ್ನುವುದು ಮತ್ತೂ ನಿಲ್ಲುತ್ತದೆ. ಹನ್ನೆರಡು ಗಂಟೆ ಆಹಾರ ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ, ಹಲ್ಲು ಕಡಿಯುತ್ತ ಮುದುಡಿ ಕುಳಿತಿದ್ದರೆ ಅದೇ ಹೊತ್ತಿಗೆ ಪಶುವೈದ್ಯರಲ್ಲಿಗೆ ಹೊರಡಬೇಕು. ಜೊಲ್ಲು ಸುರಿದು ಗದ್ದ ಒದ್ದೆಯಾಗಿದ್ದರೆ ಹಲ್ಲು ಬೆಳೆದು ಚುಚ್ಚುತ್ತಿದೆಯೆಂದು ತಿಳಿಯಬೇಕು.

ಮೊಲದ ಕಿವಿಯೊಳಗೆ ಹಕ್ಕಳೆ, ಮೂಗು ಪಾದಗಳಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದು ಕಜ್ಜಿಹುಳದ ಬಾಧೆ. ಮನುಷ್ಯರಿಗೂ ತುರಿಕೆ ಹತ್ತಬಹುದು, ಮಕ್ಕಳನ್ನು ದೂರವಿಡಬೇಕು. ಮಳೆಗಾಲದಲ್ಲಿ ಮರಿಗಳಿಗೆ ಬರುವ ಭೇದಿ ಹಲವು ಬಾರಿ ಕಾಕ್ಸಿಡಿಯಾ ಎಂಬ ಪರೋಪಜೀವಿಯಿಂದಾದುದು. ಗೂಡು ಒಣಗಿರುವುದೇ ಅದಕ್ಕೆ ಮೊದಲ ಮದ್ದು. ಬರಿಯ ತಂತಿಬಲೆಯ ಮೇಲೆ ನಿಂತು ಪಾದ ಹುಣ್ಣಾಗದಂತೆ ಒಂದು ಹಲಗೆಯನ್ನು ಹಾಸಬೇಕು.

ಮನೆಯ ಔಷಧಿ ಡಬ್ಬಿಯನ್ನು ಮುಟ್ಟಲೇಬಾರದು. ಪೆನಿಸಿಲಿನ್, ಅಮಾಕ್ಸಿಸಿಲಿನ್ ವರ್ಗದ ಮದ್ದನ್ನು ಬಾಯಿಗೆ ಹಾಕಿದರೆ ಕರುಳಿನ ಉಪಕಾರಿ ಜೀವಾಣುಗಳು ನಾಶವಾಗಿ ಪ್ರಾಣವೇ ಹೋಗಬಹುದು. ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ವಿಷ.

ನಡತೆಯ ದೋಷಗಳೆನಿಸುವವು

ತನ್ನ ಮೃದು ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಹೇಸಬೇಕಾಗಿಲ್ಲ. ಅದರಿಂದಲೇ ಈ ಜೀವಿಗಳಿಗೆ ಪೋಷಕಾಂಶಗಳು ದೊರೆಯುತ್ತವೆ. ಮೊಲ ಹಿಂಗಾಲನ್ನು ನೆಲಕ್ಕೆ ಬಡಿದರೆ ಹೆದರಿದೆಯೆಂದರ್ಥ. ತಾಯಿಮೊಲ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಮರಿಗಳನ್ನು ತೊರೆದಿದೆಯೆಂದು ಭ್ರಮಿಸಿ ಹಸುವಿನ ಹಾಲು ಹಾಕಬಾರದು. ಎರಡು ಗಂಡುಗಳನ್ನು ಕೂಡಿಟ್ಟರೆ ಗಾಯವಾಗುವಂತೆ ಕಾದಾಡುತ್ತವೆ. ಗಂಡುಹೆಣ್ಣು ಕೂಡಿದ್ದರೆ 31 ದಿನಗಳಿಗೊಮ್ಮೆ ಮರಿಗಳಾಗಿ ಮನೆ ತುಂಬುತ್ತದೆ. ಚಿಂಚಿಲ್ಲಾ ತನ್ನ ತುಪ್ಪಳವನ್ನು ತಾನೇ ಕಡಿಯುತ್ತಿದ್ದರೆ ಇಕ್ಕಟ್ಟು, ಸದ್ದು, ಬೇಸರ, ರೋಗ ಇವುಗಳಲ್ಲಿ ಕಾರಣವನ್ನು ಹುಡುಕಬೇಕು. ಅದು ರಾತ್ರಿ ಎಚ್ಚರವಿರುವ ಪ್ರಾಣಿ. ಹಗಲಲ್ಲಿ ಎಬ್ಬಿಸಿ ಆಡಿಸುವುದು ಹಿಂಸೆ.

ಮೊಲವನ್ನು ಕಿವಿ ಹಿಡಿದು ಎತ್ತಕೂಡದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಸರೆಯಾಗಿರಲಿ. ಆಸರೆಯಿಲ್ಲದೆ ಒದ್ದಾಡಿದರೆ ಅದರ ಬೆನ್ನೆಲುಬೇ ಮುರಿಯಬಹುದು. ಚಿಂಚಿಲ್ಲಾವನ್ನು ತುಪ್ಪಳ ಹಿಡಿದು ಎಳೆದರೆ ಕೂದಲು ಗೊಂಚಲಾಗಿ ಕಿತ್ತುಬರುತ್ತದೆ.

ಕಳೆದ ವರ್ಷ ನಾವು ಪುನಃ ಬಂಟ್ವಾಳದ ಆ ಮನೆಗೆ ಹೋದಾಗ ಜಗಲಿಯಲ್ಲಿ ಹೊಸ ಮೊಲವೊಂದಿತ್ತು. ಗೂಡಿನ ಪಕ್ಕ ಒಂದು ನೋಟುಪುಸ್ತಕ ತೂಗುತ್ತಿತ್ತು. ಬೆಳಿಗ್ಗೆ ಹುಲ್ಲು ತಿಂದಿತೇ, ಹಿಕ್ಕೆ ಹಾಕಿತೇ, ನೀರು ಎಷ್ಟು ಇಳಿಯಿತು ಎಂಬುದನ್ನು ಆ ಬಾಲೆ ದಿನವೂ ಎರಡು ಹೊತ್ತು ಬರೆದಿಡುತ್ತಿದ್ದಳು. ರಕ್ಷಾಪುಟದ ಮೇಲೆ ಪಶುವೈದ್ಯರ ದೂರವಾಣಿ ಸಂಖ್ಯೆಯಿತ್ತು. ಪ್ರಾಣಿ ಬೇಕೆಂದು ಹಟ ಹಿಡಿಯುವ ಮಕ್ಕಳ ಕೈಗೆ ತಂದೆತಾಯಿಗಳು ಮೊದಲು ಕೊಡಬೇಕಾದುದು ಅಂಥದೊಂದು ನೋಟುಪುಸ್ತಕವನ್ನು. ಒಂದು ತಿಂಗಳು ಮನೆಯ ಹಸುವನ್ನೋ ಬೆಕ್ಕನ್ನೋ ನೋಡಿ ತಪ್ಪದೆ ಬರೆದ ಮಗುವಿಗೆ ಮೊಲವನ್ನು ತಂದುಕೊಡಲು ಅಡ್ಡಿಯಿಲ್ಲ.