ಊರವರೇ ಉಳಿಸಿಕೊಂಡ ಬೆಳ್ಳಿಯೂರು

ಜಪಾನಿನ ಶಿಮಾನೆ ಪ್ರಾಂತ್ಯದ ಬೆಟ್ಟಗಳ ಸಂದಿಯಲ್ಲಿರುವ ಓಮೊರಿಯ ಜನಸಂಖ್ಯೆ ಈಗ ಸುಮಾರು 400. ಒಂದು ಕಾಲಕ್ಕೆ ಇಲ್ಲಿಯ ಇವಾಮಿ ಗಣಿಯ ಬೆಳ್ಳಿಗಾಗಿ ಸಮುರಾಯ್ ದೊರೆಗಳು ಕಾದಾಡಿದ್ದರು. ಚೀನಾ, ಪೋರ್ಚುಗಲ್‌ಗಳ ವರ್ತಕರು ಆಸೆಗಣ್ಣಿಟ್ಟಿದ್ದರು. ಹಕಾಟದ ವ್ಯಾಪಾರಿ ಕಾಮಿಯಾ ಜುತೇಯಿ ಗಣಿ ತೆರೆದದ್ದು 1527ರ ಸುಮಾರಿಗೆ. 1533ರಲ್ಲಿ ಕೊರಿಯಾ ಕಡೆಯ ವಿದ್ಯೆಯೊಂದು ಇಲ್ಲಿಗೆ ಬಂತು: ಅದಿರನ್ನು ಸೀಸದ ಜೊತೆ ಕರಗಿಸಿ ಬೂದಿಯ ಹಾಸಿನ ಮೇಲೆ ಕಾಯಿಸಿದರೆ ಸೀಸವನ್ನು ಬೂದಿ ಹೀರಿಕೊಳ್ಳುತ್ತದೆ, ಬೆಳ್ಳಿ ಮೇಲುಳಿಯುತ್ತದೆ. ಆಮೇಲೆ ಬೆಳ್ಳಿಗೆ ಬರವಿರಲಿಲ್ಲ.

1923ರಲ್ಲಿ ಗಣಿ ಮುಚ್ಚಿತು. ದುಡಿಮೆ ಅರಸಿ ಜನ ಗುಳೆ ಹೋದರು, ಮನೆಗಳ ಮಾಡು ಕುಸಿಯತೊಡಗಿತು. 1956ರಲ್ಲಿ ಓಮೊರಿ ಪಕ್ಕದ ಓಡ ನಗರಕ್ಕೆ ಸೇರಿಹೋಯಿತು. ಊರಿನ ಹೆಸರೇ ಅಳಿಯಬಹುದೆಂಬ ದಿಗಿಲು ಹುಟ್ಟಿದ್ದರೂ ಆಶ್ಚರ್ಯವಿಲ್ಲ. ಮರುವರ್ಷವೇ ಊರವರು ಪರಂಪರೆ ಸಂರಕ್ಷಣೆಯ ಸಂಘ ಕಟ್ಟಿದರು. ಊರಿನ ಮನೆಮನೆಯೂ ಅದರ ಸದಸ್ಯ. ಸರ್ಕಾರ ಗಣಿಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಸಾರಿದ್ದು 1969ರಲ್ಲಿ, ಅಂದರೆ ಊರವರು ಕೆಲಸಕ್ಕಿಳಿದು ಹನ್ನೆರಡು ವರ್ಷವಾದ ಮೇಲೆ. 1902ರ ಹಳೆಯ ಸರ್ಕಾರಿ ಕಚೇರಿಯನ್ನು ಕೆಡವದಂತೆ ತಡೆದು 1976ರಲ್ಲಿ ವಸ್ತುಸಂಗ್ರಹಾಲಯ ಮಾಡಿದವರೂ ಇವರೇ.

ಇಂಥ ಊರುಗಳ ಚರಿತ್ರೆಯಲ್ಲಿ ದೊರೆಗಳ ಹೆಸರು ತಾನಾಗಿ ಉಳಿಯುತ್ತದೆ. ಗಣಿಯಾಳಿನ ಬದುಕನ್ನು ಹುಡುಕಿ ತೆಗೆಯಬೇಕು. ಓಮೊರಿಯಲ್ಲಿ ಅದು ಸಣ್ಣಸಣ್ಣ ವಸ್ತುಗಳಲ್ಲಿ ಸಿಗುತ್ತದೆ. ಕತ್ತಲ ಸುರಂಗದಲ್ಲಿ ಗಣಿಯಾಳುಗಳಿಗೆ ದೀಪವಾಗಿದ್ದು ಎಣ್ಣೆ ತುಂಬಿ ಬತ್ತಿ ಇಟ್ಟ ಸಮುದ್ರದ ಶಂಖದ ಚಿಪ್ಪು. ಕಲ್ಲುಧೂಳು ಶ್ವಾಸಕೋಶ ತಿನ್ನುತ್ತಿತ್ತು. ಮೂವತ್ತು ತಲುಪಿದವನಿಗೆ ದೀರ್ಘಾಯುಷ್ಯದ ಹಬ್ಬ ಮಾಡುತ್ತಿದ್ದರು ಎನ್ನುತ್ತಾರೆ. 19ನೇ ಶತಮಾನದ ನಡುವಿನಲ್ಲಿ ಮಿಯಾ ತಾಚು ಎಂಬ ವೈದ್ಯ ತಂತಿ ಚೌಕಟ್ಟಿಗೆ ರೇಷ್ಮೆ ಬಟ್ಟೆ ಹೊಲಿದು, ಒಳಗೆ ಉಮೆ ಎಂಬ ಹುಳಿಹಣ್ಣಿನ ತಿರುಳಿಟ್ಟು ಧೂಳು ತಡೆಯುವ ಮುಖಗವಸು ಮಾಡಿಕೊಟ್ಟ. ಹುಳಿಯ ನೆನಪಿಗೇ ಬಾಯಲ್ಲಿ ನೀರೂರಲಿ ಎಂದಿರಬೇಕು. ಇದು ನನ್ನ ಊಹೆ. ಗತಿಸಿದವರಿಗಾಗಿ 1766ರಲ್ಲಿ ಮುಗಿಸಿದ ಬೌದ್ಧ ಅರ್ಹತರ 501 ಕಲ್ಲಿನ ಮೂರ್ತಿಗಳಿವೆ. ಒಂದು ಮುಖ ಇನ್ನೊಂದರಂತಿಲ್ಲ: ಒಬ್ಬ ನಗುತ್ತಾನೆ, ಇನ್ನೊಬ್ಬ ತಲೆ ತಿರುಗಿಸಿ ಕೂತಿದ್ದಾನೆ.

ಮನೆಗಳನ್ನು ಎತ್ತಿ ನಿಲ್ಲಿಸಿದ ಕಥೆ ಬೇರೆಯದು. ಕೃತಕ ಕೈಕಾಲು ತಯಾರಿಸುವ ನಕಮುರಾ ಬ್ರೇಸ್ ಎಂಬ ಕಂಪನಿ 1974ರಲ್ಲಿ ಇಲ್ಲೇ ಆರಂಭವಾಯಿತು. ಅದರ ಸ್ಥಾಪಕ ನಕಮುರಾ ತೊಶಿರೊ ಹತ್ತಾರು ಪಾಳುಮನೆಗಳನ್ನು ದುರಸ್ತಿ ಮಾಡಿಸಿದರು. ದುಡಿಮೆ ಊರಿನಲ್ಲೇ ಸಿಕ್ಕರೆ ಯುವಕರು ನಿಲ್ಲುತ್ತಾರೆ, ಯುವಕರು ನಿಂತರೆ ಮನೆ ನಿಲ್ಲುತ್ತದೆ. ವರ್ತಕರ ಕುಮಗಾಯಿ ಮನೆತನದ ದೊಡ್ಡಮನೆಯಲ್ಲಂತೂ ಹಳೆಯ ಪಾತ್ರೆಪಗಡಗಳೇ ಚರಿತ್ರೆ ಹೇಳುತ್ತವೆ. ಅದನ್ನು ನೋಡಿಕೊಳ್ಳುವವರು ಊರಿನ ಹೆಂಗಸರು.

2007ರಲ್ಲಿ ಗಣಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರುವಾಗ ತಜ್ಞ ಸಂಸ್ಥೆ ತೀರ್ಮಾನವನ್ನು ಮುಂದೂಡಲು ಸಲಹೆ ಕೊಟ್ಟಿತ್ತು. ಕಾಡನ್ನು ಬೋಳಿಸದೆ ಗಣಿ ನಡೆಸಿದ ರೀತಿಯನ್ನು ಜಪಾನ್ ಎತ್ತಿ ತೋರಿಸಿತು, ಸಮಿತಿ ಒಪ್ಪಿತು. ಪ್ರವಾಸಿಗರು ಮುಗಿಬಿದ್ದರು. ಓಣಿಯಂಥ ರಸ್ತೆಯಲ್ಲಿ ಬಸ್ಸುಗಳ ಸದ್ದು, ಹೊಗೆ ಹೆಚ್ಚಿದಾಗ ಗಣಿಯ ರ್‍ಯೂಗೆಂಜಿ ಸುರಂಗದ ತನಕ ಹೋಗುತ್ತಿದ್ದ ಬಸ್ಸು 2008ರಲ್ಲಿ ನಿಂತಿತು. ಸುರಂಗ ನೋಡಬೇಕೆನ್ನುವವರು ಆ ಎರಡು ಕಿಲೋಮೀಟರ್ ಚಿಲ್ಲರೆ ಏರುದಾರಿಯನ್ನು ಈಗ ಬಹುಮಟ್ಟಿಗೆ ನಡೆದೋ ಸೈಕಲ್ ತುಳಿದೋ ಹೋಗುತ್ತಾರೆ.