ಅಡಿಪಾಯ ದೊಡ್ಡದಿರಲಿ, ವರ್ಷದ ಗುರಿ ಅಳತೆಯಲ್ಲಿರಲಿ



ಮೈಸೂರಿಗೆ ಹೋದಾಗ ನಾವೆಲ್ಲ ಕನ್ನಂಬಾಡಿ ಕಟ್ಟೆಯನ್ನೂ ನೋಡಿ ಬರುತ್ತೇವೆ. ಅದು ಮೇಲೆದ್ದ ಬಗೆಯನ್ನು ನೆನೆಯುವುದು ಅಪರೂಪ. 1911ರಲ್ಲಿ ಕೆಲಸ ತೊಡಗಿದಾಗ ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿದ್ದುದು ದೊಡ್ಡ ಜಲಾಶಯ. ಅನುಮತಿ ದೊರೆತದ್ದು 11 ಟಿ.ಎಂ.ಸಿ. ನೀರಿಗೆ ಮಾತ್ರ. ಆದರೂ ಅಡಿಪಾಯವನ್ನು ದೊಡ್ಡ ಕಟ್ಟೆಗೆ ತಕ್ಕಂತೆ ಹಾಕಿ, ಗೋಡೆಯನ್ನು ಹಂತಹಂತವಾಗಿ ಏರಿಸಲಾಯಿತು. ಮದರಾಸು ಸರ್ಕಾರದೊಡನೆ ಒಪ್ಪಂದವಾದದ್ದು 1924ರಲ್ಲಿ. ಕಟ್ಟೆ ಮುಗಿಯಲು ಸುಮಾರು 20 ವರ್ಷ ಹಿಡಿಯಿತು.

ಮನೆವಾರ್ತೆಗೂ ಇದೇ ಲೆಕ್ಕ. 2024ರಲ್ಲಿ ರೊಬಸ್ಟಾ ಧಾರಣೆ ಏರಿದಾಗ ಹೊಸ ಮನೆ, ಮಗಳ ಮದುವೆ, ಹಳೆಯ ಸಾಲ ಎಲ್ಲವನ್ನೂ ಒಂದೇ ಕೊಯ್ಲಿನ ಮೇಲೆ ಹೊರಿಸಿದವರುಂಟು. ಧಾರಣೆ ಇಳಿದ ವರ್ಷ ಅಡವಿಗೆ ಬೀಳುವುದು ತೋಟವೇ.

ಧಾರಣೆ ನಮ್ಮ ಕೈಯಲ್ಲಿಲ್ಲ, ಮಳೆಯೂ ಇಲ್ಲ, ಇರುವುದು ಕೆಲಸವೊಂದೇ. ‘ಈ ಸಲ ಹೆಚ್ಚು ಅಡಿಕೆ ತೆಗೆಯಬೇಕು’ ಎಂಬುದು ಆಸೆ. ‘ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನಕ್ಕೆ ಮತ್ತೊಮ್ಮೆ ಬೋರ್ಡೋ ಹೊಡೆಸಬೇಕು’ ಎಂಬುದು ಗುರಿ. ಮಾಡಿದೆವೋ ಇಲ್ಲವೋ ಎಂದು ಗುರಿಯನ್ನು ಕೇಳಬಹುದು, ಆಸೆಯನ್ನು ಕೇಳಲಾಗದು. ಸಾಲದ ಕಂತನ್ನೂ ಧಾರಣೆ ಇಳಿದ ವರ್ಷದಲ್ಲಿ ಕಟ್ಟಬಲ್ಲಷ್ಟಕ್ಕೇ ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ತಾಳ್ಮೆ ಹೊಸದಲ್ಲ. ಈ ವಾರವೇ ಮನೆಯವರೆಲ್ಲ ಕೂತು, ಈ ವರ್ಷ ಆಗುವಂಥ ಮೂರು ಕೆಲಸಗಳನ್ನು ತಾರೀಖು ಸಹಿತ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡೋಣ. ಕೊಯ್ಲು ಮುಗಿದ ಮೇಲೆ ಅದೇ ಪುಟ ತೆರೆದು, ಆದುದಕ್ಕೆ ಗೀಟು ಹಾಕೋಣ.